ಕಾಫಿಪುಡಿ ಅಂಗಡಿಯಿಂದ ತಿಂಗಳಿಗೊಂದು ಪತ್ರ

ಚಿಕ್ಕಮಗಳೂರಿಗೆ ಬಂದವರು ಮುಳ್ಳಯ್ಯನಗಿರಿ ಹತ್ತಿ ಇಳಿದು, ಊರು ಬಿಡುವ ಮುಂಚೆ ಅರ್ಧ ಕೆ.ಜಿ. ಕಾಫಿಪುಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಅದು ಮುಗಿದ ಮೇಲೆ ಮನೆ ಹತ್ತಿರ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ನಿಮ್ಮ ಪುಡಿ ಹಿಡಿಸಲಿಲ್ಲ ಅಂತಲ್ಲ, ಅಂಗಡಿಯ ಹೆಸರೇ ಮರೆತಿರುತ್ತದೆ. ಈ ಮರೆವಿಗೆ ಅಗ್ಗದ ಮದ್ದು ನ್ಯೂಸ್‌ಲೆಟರ್, ಅಂದರೆ ಗಿರಾಕಿಗಳಿಗೆ ತಿಂಗಳಿಗೊಮ್ಮೆ ಇಮೇಲ್‌ನಲ್ಲಿ ಕಳಿಸುವ ಪತ್ರ. ಜೇನು, ಕಾಳುಮೆಣಸು ಮಾರುವವರಿಗೂ, ಹೋಮ್‌ಸ್ಟೇ ನಡೆಸುವವರಿಗೂ ಇದೇ ದಾರಿ.

ಮೊದಲು ವಿಳಾಸ. ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿ. ‘ತಿಂಗಳಿಗೊಂದು ಪತ್ರ ಕಳಿಸ್ತೀವಿ, ಇಮೇಲ್ ಬರೀತೀರಾ ಸರ್?’ ಎಂದು ಕೇಳಿ. ಬೇಡ ಎಂದವರನ್ನು ಬಿಡಿ. ಪಾರ್ಸೆಲ್ ಚೀಟಿಯಲ್ಲಿದ್ದ ನಂಬರನ್ನೆಲ್ಲ ಹೇಳದೆ ಕೇಳದೆ ಸೇರಿಸಿಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆಗೆ ಒತ್ತು ಕೊಡುತ್ತದೆ. ಹೆಸರಿನ ಮುಂದೆ ಚಿಕೋರಿ (ಕಾಫಿಗೆ ಬೆರೆಸುವ ಬೇರಿನ ಪುಡಿ) ಎಷ್ಟು, ಫಿಲ್ಟರ್ ಪುಡಿಯೋ ಬೀಜವೋ ಎಂದು ಗುರುತು ಹಾಕಿಕೊಳ್ಳಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಕಳಿಸುವುದು ಹೇಗೆ? ಐವತ್ತು ಅರವತ್ತು ಜನರಿದ್ದರೆ ಜಿಮೇಲ್ ಸಾಕು. ಉಚಿತ ಖಾತೆಯಲ್ಲಿ ದಿನಕ್ಕೆ 500 ಜನರ ಮಿತಿಯಿದೆ. ವಿಳಾಸಗಳನ್ನು ಬಿಸಿಸಿ (Bcc) ಎಂಬ ಖಾನೆಯಲ್ಲೇ ಹಾಕಿ, ಇಲ್ಲದಿದ್ದರೆ ಎಲ್ಲರ ವಿಳಾಸ ಎಲ್ಲರಿಗೂ ಕಾಣುತ್ತದೆ. ಪಟ್ಟಿ ಬೆಳೆದಾಗ ಮೇಲ್‌ಚಿಂಪ್, ಜೋಹೊ ಕ್ಯಾಂಪೇನ್ಸ್ ಥರದ, ಒಟ್ಟಿಗೆ ಇಮೇಲ್ ಕಳಿಸಿಕೊಡುವ ಸೇವೆಗೆ ಹೋಗಿ. ಪತ್ರ ಬೇಡವಾದವರು ತಾವೇ ಹೊರಬೀಳಲು ಅಲ್ಲಿ ಕೊಂಡಿ ಇರುತ್ತದೆ. ವಾಟ್ಸ್ಆ್ಯಪ್ಪೇ ಸಾಕು ಎನ್ನುವವರು ಗಮನಿಸಿ: ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಗ್ರೂಪ್ ಮಾತ್ರ ಬೇಡವೇ ಬೇಡ. ಮೂರನೇ ದಿನಕ್ಕೆ ಅಲ್ಲಿ ಶುಭೋದಯದ ಚಿತ್ರಗಳು ಶುರುವಾಗುತ್ತವೆ.

ಇನ್ನು ಪತ್ರದಲ್ಲಿ ಏನಿರಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ನನಗೊಂದು ಹೋಮ್‌ಸ್ಟೇಯಿಂದ ವಾರಕ್ಕೆ ಮೂರು ಮೇಲ್ ಬರುತ್ತದೆ, ಮೂರರಲ್ಲೂ ‘ಭಾರಿ ರಿಯಾಯಿತಿ’. ಈಗ ತೆರೆದೂ ನೋಡುವುದಿಲ್ಲ. ಬೆಲೆ ಎಲ್ಲರೂ ಹೇಳುತ್ತಾರೆ, ತೋಟದ ಸುದ್ದಿ ನೀವೊಬ್ಬರೇ ಹೇಳಬಲ್ಲಿರಿ. ವಿಷಯಕ್ಕೆ ತಡಕಾಡಬೇಕಿಲ್ಲ, ಕಾಫಿಯ ವರ್ಷವೇ ಕೊಡುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಹತ್ತು ದಿನದೊಳಗೆ ಗಿಡ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಆ ಬೆಳಗ್ಗೆ ತೆಗೆದ ಒಂದೇ ಫೋಟೋ ಸಾಕು. ಮಳೆಗಾಲಕ್ಕೆ, ಪುಡಿ ತಂಡಿ ಹಿಡಿಯದಂತೆ ಡಬ್ಬಿಯಲ್ಲಿಡುವುದು ಹೇಗೆಂದು ಬರೆಯಿರಿ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ, ಕಣದ ತುಂಬ ಹಣ್ಣು. ಒಂದು ತಿಂಗಳು ಚಿಕೋರಿಯ ಬಗ್ಗೆ ಬರೆಯಿರಿ: ಮಿಶ್ರಣದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಕಾಫಿ ಇರಲೇಬೇಕೆಂಬ ನಿಯಮ ಎಷ್ಟು ಗಿರಾಕಿಗಳಿಗೆ ಗೊತ್ತು? 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾಗಳಿಗೆ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು) ಸಿಕ್ಕಿದ ಕಥೆಯೂ ಇದೆ. ನೀವು ಹುರಿಯುವ ಬೀಜ ಅದಲ್ಲದಿದ್ದರೆ ಆ ಹೆಸರು ಎತ್ತಬೇಡಿ.

ತಲೆಬರಹ ‘ಏಪ್ರಿಲ್ ನ್ಯೂಸ್‌ಲೆಟರ್’ ಎಂದಿಟ್ಟರೆ ಯಾರೂ ತೆರೆಯುವುದಿಲ್ಲ. ‘ಮಳೆ ಬಂದು ಹತ್ತು ದಿನ, ತೋಟವೆಲ್ಲ ಬೆಳ್ಳಗೆ’ ಎಂದಿಡಿ. ಒಳಗೆ ಇನ್ನೂರು ಪದ ಮೀರಬೇಡಿ.

ಮಾರಾಟದ ಮಾತು ಕೊನೆಯಲ್ಲಿ, ಒಂದೇ ಒಂದು: ‘ಮಂಗಳವಾರ ಹುರೀತೀವಿ, ಬುಧವಾರ ಪಾರ್ಸೆಲ್ ಹೋಗುತ್ತೆ. ಬೇಕಾದವರು ಸೋಮವಾರದೊಳಗೆ ಈ ಪತ್ರಕ್ಕೇ ಉತ್ತರ ಬರೆಯಿರಿ.’ ಬೀಸಿದ ಪುಡಿಯ ಘಮ ಬೇಗ ಇಳಿಯುತ್ತದೆಂದು ಬಲ್ಲವರಿಗೆ ಈ ಗಡುವು ರಿಯಾಯಿತಿಗಿಂತ ರುಚಿಸುತ್ತದೆ.

ಫಲ ಅಳೆಯಲು ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ಪೂರ್ತಿ ನಂಬಬೇಡಿ. 2021ರಿಂದ ಆ್ಯಪಲ್ ಮೇಲ್‌ನ ಗೋಪ್ಯತೆಯ ಏರ್ಪಾಡಿನಿಂದಾಗಿ ಓದದ ಪತ್ರವೂ ತೆರೆದಂತೆ ಕಾಣಬಹುದು. ಬದಲಿಗೆ ಪ್ರತಿ ಪತ್ರದಲ್ಲೂ ಒಂದು ಗುರುತಿನ ಪದ ಕೊಡಿ. ‘ಹೂಮಳೆ’ ಎಂದು ಹೇಳಿ ಆರ್ಡರ್ ಮಾಡಿದವರು ಎಷ್ಟು ಮಂದಿ ಎಂದು ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ. ವರ್ಷವಿಡೀ ಏನನ್ನೂ ತರಿಸದವರಿಗೆ ‘ಪತ್ರ ಇನ್ನೂ ಬೇಕಾ?’ ಎಂದು ಒಂದು ಸಾಲು ಕಳಿಸಿ. ಉತ್ತರ ಬಾರದಿದ್ದರೆ ಹೆಸರು ಹೊಡೆದುಹಾಕಿ.