ಸಾರ್ಡೀನಿಯಾದ ಒಂದು ಮಣ್ಣುಗೋಡೆ

ಅಲ್ಲಿ ನಾನು ಬರೆದ ಮೊದಲ ಚಿತ್ರ ಒಂದು ಚಳಿಗಾಲವೂ ಬಾಳಲಿಲ್ಲ.

ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ, ರಾಜಧಾನಿ ಕಾಲ್ಯರಿಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರು ಅದು. ಶಾಲೆ ಮುಚ್ಚಿತ್ತು. ಬೀದಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಊರಿನವರು ಗೋಡೆ ಕೊಟ್ಟರು, ಬಣ್ಣಕ್ಕೆ ದುಡ್ಡು ಕೂಡಿಸಿದರು. ನಾನು ಆತುರಪಟ್ಟು ಮಾಮೂಲಿ ಎಮಲ್ಷನ್ ಹಚ್ಚಿ ಒಂದು ಹುಡುಗಿಯ ದೊಡ್ಡ ಮುಖ ಬರೆದೆ. ಫೆಬ್ರುವರಿ ಹೊತ್ತಿಗೆ ಗಲ್ಲದ ಮೇಲೆಲ್ಲ ಗುಳ್ಳೆ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಹಪ್ಪಳದಂತೆ ಏಳುತ್ತಿತ್ತು.

ತಪ್ಪು ನನ್ನದೇ. ಆ ಕಡೆಯ ಹಳೇ ಮನೆಗಳು ಲಾದಿರಿಯವು. ಲಾದಿರಿ ಅಂದರೆ ಮಣ್ಣಿಗೆ ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಶಿವಮೊಗ್ಗದ ಸಾಗರದ ಕಡೆ ಮಣ್ಣುಗೋಡೆ ನೋಡಿ ಬೆಳೆದವನು ನಾನು, ಅಷ್ಟಾದರೂ ಗೊತ್ತಿರಬೇಕಿತ್ತು. ಇಂಥ ಗೋಡೆ ನೆಲದಿಂದ ತೇವ ಹೀರಿಕೊಂಡು ಮೈಯಿಂದ ಹೊರಗೆ ಬಿಡುತ್ತದೆ. ಎಮಲ್ಷನ್ ಒಣಗಿದಾಗ ಪ್ಲಾಸ್ಟಿಕ್ ಹಾಳೆಯಂತೆ ಕೂರುತ್ತದೆ. ತೇವಕ್ಕೆ ದಾರಿ ಸಿಗದೆ, ಅದರ ಜೊತೆ ಬಂದ ಉಪ್ಪು ಒಳಗಿನಿಂದ ಬಣ್ಣವನ್ನು ತಳ್ಳುತ್ತದೆ.

ಬೇಜಾರಾಗಿ ಸಾನ್ ಸ್ಪೆರಾತೆಗೆ ಹೋದೆ. ಕಾಲ್ಯರಿಗೆ ಹತ್ತಿರದ, ಪೀಚ್ ತೋಟಗಳ ಊರು. ಅಲ್ಲಿಯ ಶಿಲ್ಪಿ ಪಿನುಚ್ಚೋ ಶೋಲಾ 1968ರಲ್ಲಿ ಊರಿನ ಹುಡುಗರನ್ನು ಸೇರಿಸಿಕೊಂಡು ಮೊದಲು ಮಾಡಿಸಿದ್ದು ಚಿತ್ರವಲ್ಲ. ಮಣ್ಣುಗೋಡೆಗಳಿಗೆ ಸುಣ್ಣ ಬಳಿಸಿದರು! ಚಿತ್ರಗಳು ಬಂದದ್ದು ಆ ಬಿಳಿಯ ಮೇಲೆ. ಮುಂದೆ 1973ರಲ್ಲಿ ಶೋಲಾ ಮೆಕ್ಸಿಕೋಗೆ ಹೋಗಿ ಗೋಡೆಚಿತ್ರಗಳ ದೊಡ್ಡ ಕಲಾವಿದ ಸಿಕೇರೋಸ್ ಜೊತೆ ಕೆಲಸ ಮಾಡಿ ಬಂದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸುಣ್ಣ. ದೀಪಾವಳಿಗೆ ಮೊದಲು ನಮ್ಮನೆಯಲ್ಲೂ ಅಷ್ಟೇ ಅಲ್ವಾ?

ವಾಪಸ್ ಬಂದು ಹಳೇ ಬಣ್ಣ ಕೆರೆದು ತೆಗೆದೆ. ಹನ್ನೊಂದು ದಿನ ಹಿಡಿಯಿತು. ಸುಣ್ಣ-ಮರಳಿನ ಗಾರೆ ಹಾಕಿ ಒಂದು ತಿಂಗಳು ಮುಟ್ಟಲಿಲ್ಲ. ಈ ಸಲ ತಂದದ್ದು ಸಿಲಿಕೇಟ್ ಬಣ್ಣ. ಅದು ಗಾರೆಯ ಮೇಲೆ ಕೂರುವುದಲ್ಲ, ಗಾರೆಯ ಜೊತೆ ಬೆರೆತು ಕಲ್ಲಾಗುತ್ತದೆ. ತೇವ ಆಡುತ್ತಲೇ ಇರುತ್ತದೆ. ಕಷ್ಟವೂ ಇದೆ. ಖನಿಜದ ಬಣ್ಣಗಳು ಮಾತ್ರ ತಾಳುತ್ತವೆ: ಕಾವಿ, ಹಳದಿ ಮಣ್ಣು, ಕೋಬಾಲ್ಟ್ ನೀಲಿ ಇಂಥವು. ಮಿರಮಿರ ಗುಲಾಬಿಯ ಆಸೆ ಬಿಡಬೇಕು. ಕಿಟಕಿ ಗಾಜನ್ನು ಪೂರ್ತಿ ಮುಚ್ಚಿಕೊಳ್ಳಿ. ಒಂದು ಹನಿ ಸಿಡಿದು ಒಣಗಿದರೂ ಗಾಜಿನ ಮೇಲೆ ಕಲೆ ಶಾಶ್ವತ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕೇ ಬೇಕು.

ಜುಲೈ ಬಿಸಿಲಿಗೆ ಗೋಡೆ ಕಾದ ಹೆಂಚು. ಹಿಂದಿನ ಸಂಜೆಯೇ ನೀರು ಚಿಮುಕಿಸಿಟ್ಟು, ಬೆಳಿಗ್ಗೆ 6ರಿಂದ 10ರವರೆಗೆ ಬರೆಯುತ್ತಿದ್ದೆ. ವಾಯವ್ಯದಿಂದ ಮಾಯೆಸ್ತ್ರಾಲೆ ಗಾಳಿ ಎದ್ದ ದಿನ ಅಟ್ಟಣಿಗೆ ಹತ್ತುತ್ತಿರಲಿಲ್ಲ.

ಗಾರೆ ಒಣಗುತ್ತಿದ್ದ ಆ ತಿಂಗಳೇ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಎದುರು ಮನೆಯಲ್ಲಿ ಒಬ್ಬರು ಅಜ್ಜಿ. ಅಲ್ಲಿ ವಯಸ್ಸಾದ ಹೆಂಗಸರನ್ನು ತ್ಸಿಯಾ ಅಂತ ಕರೆಯುತ್ತಾರೆ, ನಾವು ಅತ್ತೆ ಅನ್ನೋ ಹಾಗೆ. ಅವರು ಹಳೇ ಚಿತ್ರದ ಬಗ್ಗೆ ಕೇಳಿದ್ದು ಒಂದೇ ಮಾತು: "ಆ ಹುಡುಗಿ ಯಾರ ಮನೆಯವಳಪ್ಪಾ?" ಯಾರ ಮನೆಯವಳೂ ಅಲ್ಲ. ಯಾವ ಊರಿನ ಗೋಡೆಗಾದರೂ ಆಗುವ ಮುಖ ಅದು. ಅದಕ್ಕೇ ಆ ಊರಿಗೆ ಬೇಕಿರಲಿಲ್ಲ.

ಅದೇ ದ್ವೀಪದ ಇನ್ನೊಂದು ಊರು, ಒರ್ಗೋಸೊಲೋ, ನೆನಪಾಯಿತು. 1969ರಲ್ಲಿ ಅಲ್ಲಿಯ ಜನ ತಮ್ಮ ಹುಲ್ಲುಗಾವಲಲ್ಲಿ ಸೈನ್ಯದ ಗುಂಡಿನ ತಾಲೀಮು ಬೇಡವೆಂದು ಎದ್ದು ನಿಂತಿದ್ದರು. 1975ರಲ್ಲಿ ಫ್ರಾಂಚೆಸ್ಕೋ ದೆಲ್ ಕಸೀನೋ ಎಂಬ ಮೇಷ್ಟ್ರು ಶಾಲೆಯ ಮಕ್ಕಳ ಜೊತೆ ಗೋಡೆಗಳ ಮೇಲೆ ಬರೆಯಲು ಶುರುಮಾಡಿದರು. ಜನ ಹುಡುಕಿಕೊಂಡು ಹೋಗಿ ಅಲ್ಲಿ ಓದುವುದು ಆ ಊರಿನದೇ ಮಾತನ್ನು.

ತ್ಸಿಯಾ ಮನೆಯಲ್ಲಿ ಕೂತು ಕೊಕ್ಕೋಯಿ ಮಾಡುವುದನ್ನು ನೋಡಿದೆ. ಮದುವೆಗೆ, ಈಸ್ಟರ್‌ಗೆ ಮಾಡುವ ರೊಟ್ಟಿ. ಗಟ್ಟಿ ಹಿಟ್ಟನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ ಹೂವು, ಹಕ್ಕಿ ಎಬ್ಬಿಸುತ್ತಾರೆ. ನಮ್ಮಮ್ಮ ಮದುವೆಗೆ ಹಸೆ ಚಿತ್ತಾರ ಬರೆಯುವಾಗ ಹೀಗೇ ಉಸಿರು ಹಿಡಿದು ಕೂರುತ್ತಿದ್ದಳು. ನಾನು ಆ ಕೈಗಳನ್ನೇ ಬರೆದೆ: ಮೂರು ಜೊತೆ ಕೈ, ಒಂದು ಕತ್ತರಿ, ಒಂದು ರೊಟ್ಟಿ. ಅಳತೆಗೆ ಗೋಡೆ ತುಂಬ ಇದ್ದಿಲಿನಲ್ಲಿ ಗುರುತು ಗೀಚಿ, ಫೋಟೋ ತೆಗೆದು, ಫೋನಿನಲ್ಲಿ ಅದರ ಮೇಲೆ ನನ್ನ ಸ್ಕೆಚ್ ಕೂರಿಸಿಕೊಂಡೆ. ಬೆರಳಿನ ಗಂಟು ಎಲ್ಲಿ ಬರಬೇಕೆಂದು ಕೆಳಗಿನಿಂದ ಕೂಗಿ ತಿದ್ದಿದವರು ಬೀದಿಯ ಹೆಂಗಸರು.

ಚಿತ್ರದಿಂದ ಶಾಲೆ ತೆರೆಯಲಿಲ್ಲ. ದುಡಿಯಲು ಹೋದವರು ಹಿಂದಿರುಗಲಿಲ್ಲ. ಭಾನುವಾರ ಒಂದಿಷ್ಟು ಜನ ಬರುತ್ತಾರೆ, ಮುಚ್ಚಿರುತ್ತಿದ್ದ ಬಾರ್ ಅವತ್ತು ಮಧ್ಯಾಹ್ನವೂ ತೆರೆದಿರುತ್ತದೆ. ಬಂದವರನ್ನು ತ್ಸಿಯಾ ಕೈಹಿಡಿದು ಕರೆದುಕೊಂಡು ಹೋಗಿ, ಮಧ್ಯದ ಕೈ ಯಾರದೆಂದು ಹೇಳುತ್ತಾರೆ.

ಗೋಡೆಯ ಬುಡದಲ್ಲಿ ಒಂದು ಮೊಳ ಏನೂ ಬರೆಯದೆ ಬಿಟ್ಟಿದ್ದೇನೆ, ತೇವ ಜಾಸ್ತಿ ಬರುವ ಜಾಗ. ಪ್ರತಿ ವಸಂತದಲ್ಲಿ ಬೀದಿಯವರೇ ಅದಕ್ಕೆ ಸುಣ್ಣ ಬಳಿಯುತ್ತಾರೆ.