ಶೇಪ್‌ಫೈಲ್ ಬಿಟ್ಟು ಕರಾವಳಿ ಸೂಕ್ಷ್ಮತಾ ನಕ್ಷೆಯನ್ನು ಒಂದೇ ಕಡತಕ್ಕೆ ತಂದದ್ದು: ನನ್ನ ಅನುಭವ

ಮೈಸೂರಿನಲ್ಲಿ ಕೂತು ಕಡಲತೀರದ ನಕ್ಷೆ ಮಾಡುತ್ತೇನೆ ಎಂದಾಗ ನಕ್ಕವರಿದ್ದರು. ಶೇಪ್‌ಫೈಲ್ ಕೊಡುವುದಿಲ್ಲ, ಜಿಯೋಪ್ಯಾಕೇಜ್ ಕೊಡುತ್ತೇನೆ ಎಂದಾಗ ಇನ್ನೂ ಜೋರಾಗಿ ನಕ್ಕರು. ಎರಡೂ ಗಣಕದಲ್ಲಿ ನಕ್ಷೆಯ ದತ್ತಾಂಶ ಇಡುವ ಬಗೆಗಳು: ಶೇಪ್‌ಫೈಲ್ ಹಲವು ಕಡತಗಳ ಹಳೆಯ ಕಟ್ಟು, ಜಿಯೋಪ್ಯಾಕೇಜ್ ಎಲ್ಲವೂ ಇರುವ ಒಂದೇ ಕಡತ. "ಗಿರಾಕಿ ಕೇಳಿದ್ದನ್ನು ಕೊಟ್ಟು ದುಡ್ಡು ಎಣಿಸಿಕೊಳ್ಳಿ ಸಾರ್, ನಿಮಗೇಕೆ ಉಸಾಬರಿ" ಎಂದವರು ಕುವೆಂಪುನಗರದಲ್ಲಿ ಬಡಾವಣೆ ಸರ್ವೆ ಮಾಡುವ ಗೆಳೆಯರು. ಈಗ ಅವರೇ ನನ್ನ ಕಡತದ ಖಾಲಿ ಮಾದರಿ ಕೇಳುತ್ತಿದ್ದಾರೆ. ಕೊಡುತ್ತೇನೆ, ಸ್ವಲ್ಪ ಸತಾಯಿಸಿ.

ಕೆಲಸ ಬಂದದ್ದು ಬೆಂಗಳೂರಿನ ಸಲಹಾ ಸಂಸ್ಥೆಯೊಂದರಿಂದ. ಕಾರವಾರದಿಂದ ಭಟ್ಕಳದವರೆಗೆ ತೈಲ ಸೋರಿಕೆಯ ಸೂಕ್ಷ್ಮತಾ ನಕ್ಷೆ, ಅಂದರೆ ಕಡಲಿಗೆ ತೈಲ ಸುರಿದರೆ ಯಾವ ತೀರಕ್ಕೆ ಎಷ್ಟು ಪೆಟ್ಟು ಎಂದು ತೋರಿಸುವ ನಕ್ಷೆ ಬೇಕಿತ್ತು. 2006ರಲ್ಲಿ ಓಷನ್ ಸೆರಾಯಾ ಹಡಗು ಕಾರವಾರದ ಬಳಿ ಬಂಡೆಗೆ ಬಡಿದು ತೈಲ ಸುರಿದದ್ದು ಆ ಭಾಗದಲ್ಲಿ ಇನ್ನೂ ಮರೆತಿಲ್ಲ. ನಮೂನೆ ಅಮೆರಿಕದ ನೋವಾ (NOAA) ಎಂಬ ಸಾಗರ-ಹವಾಮಾನ ಸಂಸ್ಥೆಯದು: ತೀರಕ್ಕೆ 1ರಿಂದ 10ರವರೆಗೆ ದರ್ಜೆ (ಅಂಕಿ ಏರಿದಷ್ಟೂ ಸೂಕ್ಷ್ಮ), ಅದರ ಮೇಲೆ ಜೀವಿಗಳು, ಅದರ ಮೇಲೆ ಜನಬಳಕೆ. ಬಂಡೆಯ ತೀರ 1ಎ, ಕಾಂಡ್ಲಾ (ಮ್ಯಾಂಗ್ರೋವ್ ಕಾಡು) 10ಡಿ.

ಕೊಟ್ಟ ಸಾಮಗ್ರಿ ಒಂದು ಹಳೆಯ ಸಿಡಿ, ಒಂದಿಷ್ಟು ಶೇಪ್‌ಫೈಲ್, ಜೀವಿಗಳ ಪಟ್ಟಿ ಇರುವ ಎಕ್ಸೆಲ್. ಸಿಡಿ ಓದುವ ಯಂತ್ರಕ್ಕೇ ಸಾವಿರದೈನೂರು ಹೋಯಿತು. ಒಳಗೆ ಇದ್ದದ್ದು ಇ00 ಎಂಬ ಹಳೆಯ ಬಗೆಯ ನಕ್ಷೆ ಕಡತಗಳು. ಮೊದಲ ಸಾಲಿನಲ್ಲಿ ಇಎಕ್ಸ್‌ಪಿ ಆದ ಮೇಲೆ ಸೊನ್ನೆ ಇದ್ದರೆ ಬದುಕಿದಿರಿ. ಒಂದು ಇದ್ದರೆ ಅದು ಗಾತ್ರ ಕುಗ್ಗಿಸಿ ಒತ್ತಿದ ಕಡತ, ನಕ್ಷೆ ಕಡತಗಳನ್ನು ಓದಿ ಬದಲಿಸುವ ಉಚಿತ ತಂತ್ರಾಂಶ ಜಿಡಾಲ್ ಅದನ್ನು ನೇರವಾಗಿ ಓದುವುದಿಲ್ಲ. ನನ್ನ ಪಾಲಿಗೆ ಬಂದವುಗಳಲ್ಲಿ ಅರ್ಧಕ್ಕರ್ಧ ಒಂದು ಇದ್ದವೇ. ಅವನ್ನು ಬಿಚ್ಚುವ ಸಣ್ಣ ಉಚಿತ ಸಲಕರಣೆಗಳಿವೆ, ಹುಡುಕಿದರೆ ಸಿಗುತ್ತವೆ. ಆದರೆ ಇ00, ಇ01, ಇ02 ಎಂದು ತುಂಡಾಗಿ ಬಂದು ನಡುವಿನ ತುಂಡು ಕೆಟ್ಟಿದ್ದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ನನ್ನ ಒಂದು ತಿಂಗಳ ಬಾಡಿಗೆ ಹುಟ್ಟಿತು.

ಮೊದಲು ಎಲ್ಲರಂತೆ ಎಲ್ಲವನ್ನೂ ಶೇಪ್‌ಫೈಲಿಗೆ ಇಳಿಸಿದೆವು. ಒಂದೊಂದಾಗಿ ಕೈಕೊಟ್ಟಿತು. ತೀರದ ದರ್ಜೆಯನ್ನು ನೆಲದ ಕಡೆಯಿಂದ ನೀರಿನ ಕಡೆಗೆ ಓರೆಗೆರೆ ಹಾಕಿ ಬರೆಯುತ್ತೇವಲ್ಲ, 5/7 ಎಂದರೆ ಮರಳು-ಜಲ್ಲಿಯ ತೀರ, ಅದರ ಮುಂದೆ ಇಳಿತದಲ್ಲಿ ಬಯಲಾಗುವ ಹರವು. ಗಿರಾಕಿಯ ಜೀವಶಾಸ್ತ್ರಜ್ಞರು ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಒಂದು ಕಾಲಂ ಸೇರಿಸಿ ಕಳಿಸಿದರು. 5/7 ಹೋಗಿ ಜುಲೈ 5 ಆಗಿತ್ತು, 4/7 ಜುಲೈ 4. 10ಡಿ/9ಎ ಇದ್ದ ಸಾಲುಗಳು ಮಾತ್ರ ಉಳಿದಿದ್ದವು, ಅಕ್ಷರವಿದ್ದುದರಿಂದ. ಆ ಪಟ್ಟಿಯನ್ನು ನಕ್ಷೆಗೆ ಜೋಡಿಸಿದರೆ ತೀರದ ದೊಡ್ಡ ಭಾಗವೇ ಖಾಲಿ.

ಮುಂದಿನದು ಕನ್ನಡದ ಹೆಸರುಗಳು. ಶೇಪ್‌ಫೈಲಿನ ಕೋಷ್ಟಕ ಇರುವ ಡಿಬಿಎಫ್ ಕಡತದಲ್ಲಿ ಕಾಲಮ್ಮಿನ ಅಗಲವನ್ನು ಬೈಟ್‌ನಲ್ಲಿ ಅಳೆಯುತ್ತಾರೆ. ಅಕ್ಷರಗಳನ್ನು ಗಣಕದಲ್ಲಿ ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತದ ಚಿಹ್ನೆಗೆ ಮೂರು ಬೈಟ್. 'ಅಘನಾಶಿನಿ ಅಳಿವೆ' 40 ಬೈಟ್ ಆಗುತ್ತದೆ. ಕಾಲಂ 30ರದ್ದಾದ್ದರಿಂದ ನಕ್ಷೆಯಲ್ಲಿ 'ಅಘನಾಶಿನಿ ಅ' ಆದ ಮೇಲೆ ಒಂದು ಚೌಕ ಬಿತ್ತು. 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆಗೆ ಈ ಗತಿ! ಅಗಲವನ್ನು ಗರಿಷ್ಠ 254ಕ್ಕೆ ಏರಿಸಬಹುದು, ಏರಿಸಿದೆವು ಕೂಡ. ಆದರೆ ಗಿರಾಕಿಯ ಕಡೆಯವರು ನಕಲಿಸುವಾಗ ಅಕ್ಷರ ಸಂಕೇತ ಯಾವುದೆಂದು ಹೇಳುವ ಸಿಪಿಜಿ ಕಡತವನ್ನು ಬಿಟ್ಟು ಬಂದು, ಇಡೀ ಕಾಲಂ ಹಾಳಾಗಿದೆ ಎಂದು ಫೋನ್ ಮಾಡಿದರು. ಇನ್ನೊಮ್ಮೆ ನಕ್ಷೆಯ ಅಳತೆಯ ಆಧಾರ ಯಾವುದೆಂದು ಹೇಳುವ ಪಿಆರ್‌ಜೆ ಕಡತ ಬಿಟ್ಟರು. ಹಳೆಯ ಟೊಪೊಶೀಟಿನ (ಸರ್ವೆ ನಕ್ಷೆಯ) ಎವರೆಸ್ಟ್ ಎಂಬ ಹಳೆಯ ಆಧಾರದ ತೀರರೇಖೆ, ನೂರು ಮೀಟರಿನ ಆಸುಪಾಸು ಸರಿದು ಕೂತಿತು.

ಇವೆಲ್ಲ ಸಹಿಸಬಹುದಾದ ಕಾಟ. ನನ್ನನ್ನು ಶೇಪ್‌ಫೈಲಿನಿಂದ ಓಡಿಸಿದ್ದು ಜೀವಿಗಳ ಕೋಷ್ಟಕ. ಒಂದು ಕಾಂಡ್ಲಾ ಹರವಿಗೆ ಒಂದು ಸಂಖ್ಯೆ, ಆ ಸಂಖ್ಯೆಗೆ ಹತ್ತಾರು ಜೀವಿ, ಪ್ರತಿ ಜೀವಿಗೆ ಹನ್ನೆರಡು ತಿಂಗಳ ಕಾಲಂ. ಇದನ್ನು ಒಂದೇ ಕೋಷ್ಟಕಕ್ಕೆ ಚಪ್ಪಟೆ ಮಾಡಿದಾಗ ನಾನೂರು ಚಿಲ್ಲರೆ ಆಕೃತಿಗಳು ಆರೇಳು ಸಾವಿರ ಆದವು. ಅರೆಪಾರದರ್ಶಕ ಹಸಿರು ಹಾಕಿದ ಕಾಂಡ್ಲಾ, ಒಂದರ ಮೇಲೊಂದು ಹದಿನೈದು ಸಲ ಬಿದ್ದು ಕಪ್ಪಾಯಿತು. ವಿಸ್ತೀರ್ಣ ಕೂಡಿಸಿದವರಿಗೆ ಉತ್ತರ ಕನ್ನಡದ ತುಂಬ ಕಾಂಡ್ಲಾವೇ.

ಜಿಯೋಪ್ಯಾಕೇಜ್ 2014ರಿಂದ ಇದೆ, ಒಳಗೆ ಇರುವುದು ಎಸ್‌ಕ್ಯೂಲೈಟ್, ಹಲವು ಕೋಷ್ಟಕಗಳನ್ನು ಒಂದೇ ಕಡತದಲ್ಲಿಡುವ ದತ್ತಸಂಚಯ. ಆಕೃತಿಗಳನ್ನು ಒಂದೇ ಸಲ ಇಟ್ಟು, ಜೀವಿ, ಕಾಲ, ಮೂಲ ಎಂಬ ಕೋಷ್ಟಕಗಳನ್ನು ನೋವಾದವರ ರಚನೆಯಲ್ಲೇ ಪಕ್ಕದಲ್ಲಿಟ್ಟೆ. ದರ್ಜೆಯ ಕಾಲಂ ಪಠ್ಯವೇ, ತಿದ್ದುವುದಿದ್ದರೆ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲೇ, ಎಕ್ಸೆಲ್‌ಗೆ ಪ್ರವೇಶವಿಲ್ಲ. ತಿಂಗಳಿಗೊಂದು ವ್ಯೂ, ಅಂದರೆ ಕೋಷ್ಟಕಗಳಿಂದ ಬೇಕಾದ್ದನ್ನಷ್ಟೇ ಆಯ್ದು ತೋರಿಸುವ ಉಳಿಸಿಟ್ಟ ಪ್ರಶ್ನೆ. ಜನವರಿ ಒತ್ತಿದರೆ ಕಡಲಾಮೆ ಮೊಟ್ಟೆಯಿಡುವ ಮರಳು, ಜೂನ್ ಒತ್ತಿದರೆ ಯಾಂತ್ರಿಕ ಮೀನುಗಾರಿಕೆಯ ನಿಷೇಧ. ವ್ಯೂ ಪದರವಾಗಿ ಕಾಣಬೇಕಾದರೆ ಒಳಗಿನ ಎರಡು ನೋಂದಣಿ ಕೋಷ್ಟಕಗಳಲ್ಲಿ ಸಾಲು ಸೇರಿಸಬೇಕು. ಸಾಲುಗಳಿಗೆ ಪುನರಾವರ್ತನೆಯಾಗದ ಸಂಖ್ಯೆ ಕೊಡದಿದ್ದರೆ ಆಯ್ಕೆ ಮಾಡಿದ್ದು ಒಂದು, ಮಿನುಗುವುದು ಇನ್ನೊಂದು. ಆ ಸಂಖ್ಯೆಯನ್ನು ನಾನು ಹೇಗೆ ಹುಟ್ಟಿಸುತ್ತೇನೆ ಎಂಬುದು ನನ್ನ ಬಳಿಯೇ ಇರಲಿ.

ಒಂದು ಎಚ್ಚರ: ಕ್ಯೂಜಿಐಎಸ್ ತೆರೆದಿರುವಾಗ ಕಡತವನ್ನು ಪೆನ್‌ಡ್ರೈವಿಗೆ ಎಳೆಯಬೇಡಿ. ಕೊನೆಯ ತಿದ್ದುಪಡಿಗಳು ಪಕ್ಕದ ವಾಲ್ (WAL) ಎಂಬ ತಾತ್ಕಾಲಿಕ ಕಡತದಲ್ಲಿ ಉಳಿದುಬಿಡಬಹುದು. ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಇಬ್ಬರು ತಿದ್ದುವ ಯೋಚನೆಯನ್ನೂ ಬಿಡಿ.

ನಡುವೆ ಬೇರೆ ಬಗೆಯ ನಕ್ಷೆ ಕಡತಗಳನ್ನೂ ನೋಡಿದೆ, ಮೊದಲು ನಕ್ಷೆಯನ್ನು ಪಠ್ಯವಾಗಿ ಬರೆದಿಡುವ ಜಿಯೋಜೇಸನ್. ತೀರರೇಖೆಯೊಂದೇ ಉಬ್ಬಿ ಹಳೆಯ ಕಂಪ್ಯೂಟರ್ ಉಸಿರುಗಟ್ಟಿತು. ಫ್ಲಾಟ್‌ಜಿಯೋಬಫ್ ಓಟದಲ್ಲಿ ಜೋರು, ಆದರೆ ಒಂದು ಕಡತಕ್ಕೆ ಒಂದೇ ಪದರ, ನನಗೆ ಕೆಲಸಕ್ಕೆ ಬಾರದು. ಇದೇ ರಚನೆಯನ್ನು ರಂಗನತಿಟ್ಟಿಗೂ ಹಾಕಿದೆ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುವ ತಿಂಗಳುಗಳನ್ನು ತುಂಬಿ. ತಿಂಗಳ ವ್ಯೂ ಚೆನ್ನಾಗಿ ನಡೆಯಿತು, ದಡದ ದರ್ಜೆ ನಡೆಯಲಿಲ್ಲ. ಕನ್ನಂಬಾಡಿಯಿಂದ ನೀರು ಬಿಟ್ಟ ವಾರ ಬಂಡೆಯೂ ಮರಳೂ ನೀರಿನಡಿ ಹೋಗುತ್ತವೆ. ನದಿಗೆ ಹರಿವಿನ ಮಟ್ಟದ ಕಾಲಮ್ಮೊಂದು ಬೇಕು. ಆ ಕೆಲಸ ಅರ್ಧಕ್ಕೆ ನಿಂತಿದೆ.

ಲೆಕ್ಕ ಹೇಳುತ್ತೇನೆ. ಪರವಾನಗಿ ತಂತ್ರಾಂಶಕ್ಕೆ ಕೊಟ್ಟ ದರಪಟ್ಟಿ ಎರಡು ಲಕ್ಷದ ಮೇಲಿತ್ತು, ಕೊಳ್ಳಲಿಲ್ಲ. ಎಸ್‌ಎಸ್‌ಡಿ, ರ‍್ಯಾಮ್ ಸೇರಿ ಹನ್ನೊಂದು ಸಾವಿರ, ಸಹಾಯಕ್ಕಿದ್ದ ಹುಡುಗನ ಸಂಬಳ ಬೇರೆ. ಒಪ್ಪಂದ ತೊಂಬತ್ತು ಸಾವಿರಕ್ಕೆ. ಅದರಲ್ಲಿ ಇಪ್ಪತ್ತು ಸಾವಿರವನ್ನು "ಶೇಪ್‌ಫೈಲ್ ಎಲ್ಲಿ" ಎಂದು ಎರಡು ತಿಂಗಳು ತಡೆದಿಟ್ಟರು. ಕೊನೆಗೆ ಅವರ ಎದುರಿಗೇ ಒಂದೇ ಕಡತ ತೆರೆದು ತಿಂಗಳು ಬದಲಿಸಿ ತೋರಿಸಿದೆ. ಬಾಕಿ ಅದೇ ವಾರ ಬಂತು, ಜೊತೆಗೆ ಉಡುಪಿ ಕಡೆಯ ಕೆಲಸವೂ. ಶೇಪ್‌ಫೈಲ್ ಬೇಕೇ ಬೇಕು ಎನ್ನುವವರಿಗೆ ವ್ಯೂಗಳಿಂದಲೇ ತೆಗೆದು ಕೊಡುತ್ತೇನೆ, ಹನ್ನೆರಡು ತಿಂಗಳಿಗೆ ಹನ್ನೆರಡು ಕಟ್ಟು. ಅದಕ್ಕೆ ಬೇರೆಯಾಗಿ ಮೂರು ಸಾವಿರ, ಮುಂಗಡ.