ಇಮೇಜಿಂಗ್‌ನಲ್ಲಿ ಪಿಎಚ್‌ಡಿ: ಮಣಿಪಾಲಕ್ಕೆ ನಾನು ಸೇರಿದ್ದು ಹೀಗೆ

ಕೊಣಾಜೆಯ ಮಂಗಳೂರು ವಿ.ವಿ.ಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿದಾಗ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಬಿ.ಎಡ್. ಮಾಡು. ನನಗೋ ಮೈಕ್ರೋಸ್ಕೋಪ್ ಚಿತ್ರಗಳ ಹುಚ್ಚು. ಬಯಾಲಜಿ ಓದಿದ್ದು ಪಿಯುಸಿವರೆಗೆ ಮಾತ್ರ. ಬಯೋಮೆಡಿಕಲ್ ಇಮೇಜಿಂಗ್, ಅಂದರೆ ದೇಹದ, ಜೀವಕೋಶಗಳ ಚಿತ್ರ ತೆಗೆದು ಅಧ್ಯಯನ ಮಾಡುವ ಈ ಕ್ಷೇತ್ರದಲ್ಲಿ ಅದು ಅಡ್ಡಿಯಲ್ಲ. ಲೆನ್ಸ್ ಗೊತ್ತಿರುವವರು, ಕೋಡ್ ಬರೆಯುವವರು, ಸ್ಲೈಡ್ ತಯಾರಿಸುವವರು ಎಲ್ಲರೂ ಬೇಕು.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ ನೋಡಿದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬ್ರಾಡ್ ಇನ್‌ಸ್ಟಿಟ್ಯೂಟ್ ಜೀವಕೋಶಗಳ ಚಿತ್ರಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಅವನ್ನು ಇಳಿಸಿಕೊಂಡು ಫಿಜಿ ಸಾಫ್ಟ್‌ವೇರ್‌ನಲ್ಲಿ ನ್ಯೂಕ್ಲಿಯಸ್ ಎಣಿಸತೊಡಗಿದೆ. ಎಣಿಸುವುದೇನು ಮಹಾ ಅನಿಸುತ್ತದೆ, ಅಲ್ವಾ? ಅಂಟಿಕೊಂಡ ಎರಡು ನ್ಯೂಕ್ಲಿಯಸ್‌ಗಳನ್ನು ತ್ರೆಶೋಲ್ಡಿಂಗ್ (ಹೊಳಪಿಗೊಂದು ಮಿತಿ ಇಟ್ಟು ಬೇರ್ಪಡಿಸುವುದು) ಒಂದೇ ಅನ್ನುತ್ತದೆ. ಅಂಟಿದ್ದನ್ನು ಬಿಡಿಸುವ ವಾಟರ್‌ಶೆಡ್ ವಿಧಾನ ಹಾಕಿದರೆ ಅವು ಬೇರೆಯಾಗುತ್ತವೆ, ಆದರೆ ಉದ್ದಗಿರುವ ಒಂಟಿ ನ್ಯೂಕ್ಲಿಯಸ್ಸೂ ಎರಡು ತುಂಡಾಗುತ್ತದೆ. ಆಮೇಲೆ 2015ರ ಯು-ನೆಟ್, 2018ರ ಸ್ಟಾರ್‌ಡಿಸ್ಟ್ ಎಂಬ ಎರಡು ಡೀಪ್ ಲರ್ನಿಂಗ್ ಮಾದರಿಗಳನ್ನೂ ಗೂಗಲ್ ಕೊಲಾಬ್‌ನ ಉಚಿತ ಜಿಪಿಯುನಲ್ಲಿ ಓಡಿಸಿದೆ. ಯಾವುದು ಎಲ್ಲಿ ಎಡವುತ್ತದೆ ಎಂದು ಚಿತ್ರದ ಮೇಲೇ ಗುರುತು ಹಾಕಿದೆ.

ಪ್ರೊಫೆಸರ್‌ಗಳಿಗೆ ಕಳಿಸಿದ್ದು ಅದನ್ನೇ. 'ನಿಮ್ಮ ಸಂಶೋಧನೆ ತುಂಬ ಇಷ್ಟ' ಅಂತ ಶುರುವಾಗುವ ಮೇಲ್ ಅವರಿಗೆ ದಿನಾ ಬರುತ್ತದೆ. ನನ್ನದು ನಾಲ್ಕೇ ಸಾಲು, ಎರಡು ಚಿತ್ರ, ಕೊನೆಗೊಂದು ಪ್ರಶ್ನೆ. ಉತ್ತರ ಎಲ್ಲರಿಂದ ಬರಲಿಲ್ಲ, ಬಂದವು ಮಾತ್ರ ಉದ್ದುದ್ದವಾಗಿದ್ದವು.

ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳನ್ನೂ (ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಪಿಎಚ್‌ಡಿ ಕಾರ್ಯಕ್ರಮಗಳು) ನೋಡಿದೆ. ಜಾಹೀರಾತು ಅಲ್ಲಿನ ಸಂಶೋಧನಾ ನೌಕರಿಗಳ ಜಾಲತಾಣ ಯೂರಾಕ್ಸೆಸ್‌ನಲ್ಲಿ ಸಿಗುತ್ತದೆ. ಅಲ್ಲಿ ಪಿಎಚ್‌ಡಿ ಅಂದರೆ ಸಂಬಳದ ನೌಕರಿ. ಹಿಂದಿನ 36 ತಿಂಗಳಲ್ಲಿ ಸೇರಲಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು ಅನ್ನುವುದು ಮುಖ್ಯ ಷರತ್ತು. ಊರು ಬಿಟ್ಟು ಕದಲದ ನಮ್ಮಂಥವರಿಗೆ ಇದು ಲಾಭವೇ. ಸಂದರ್ಶನದಲ್ಲಿ ಒಬ್ಬರು ಕೇಳಿದರು: ಒಂದು ಪಿಕ್ಸೆಲ್‌ಗೆ ಸರಾಸರಿ ನೂರು ಫೋಟಾನ್ ಬಿದ್ದರೆ ನಾಯ್ಸ್ (ಎಣಿಕೆಯ ಏರಿಳಿತ) ಎಷ್ಟು? ಹತ್ತು, ವರ್ಗಮೂಲ ಅಷ್ಟೇ. ಫಿಸಿಕ್ಸ್‌ನವರಿಗೆ ಸಲೀಸು.

ಆದರೂ ಮಣಿಪಾಲವನ್ನೇ ಆರಿಸಿಕೊಂಡೆ. ಇಲ್ಲಿ ಆಸ್ಪತ್ರೆ, ಪೆಥಾಲಜಿ, ಆಪ್ಟಿಕ್ಸ್ ಎಲ್ಲ ನಡೆದು ಹೋಗುವ ದೂರದಲ್ಲಿವೆ. ಸ್ಲೈಡ್‌ನಲ್ಲಿ ಏನೋ ವಿಚಿತ್ರ ಕಂಡರೆ ಕೊಡೆ ಹಿಡಿದು ಹೋಗಿ ಡಾಕ್ಟರನ್ನೇ ಕೇಳಬಹುದು. ಬಯೋಮೆಡಿಕಲ್ ಇಮೇಜಿಂಗ್ ಮಾಡುವವರಿಗೆ ದೊಡ್ಡ ಯಂತ್ರಕ್ಕಿಂತ ಇದು ಮುಖ್ಯ ಅನ್ನುತ್ತೇನೆ ನಾನು. ದುಡ್ಡಿನ ವಿಷಯ: ನೆಟ್ ಪರೀಕ್ಷೆಯಿಂದ ಸಿಗುವ ಜೆಆರ್‌ಎಫ್ (ಜೂನಿಯರ್ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) ಆದ ಮೇಲೆ 42,000. ನೆಟ್ ಆಗದಿದ್ದರೆ ಇಲ್ಲಿ ಡಾ. ಟಿ.ಎಂ.ಎ. ಪೈ ಸ್ಕಾಲರ್‌ಶಿಪ್ ಇದೆ. ಸುರತ್ಕಲ್ ಎನ್‌ಐಟಿಕೆಯ ಪಿಎಚ್‌ಡಿ ಪ್ರಕಟಣೆಗಳ ಮೇಲೂ ಕಣ್ಣಿಡಿ, ಇಮೇಜ್ ಪ್ರೊಸೆಸಿಂಗ್ ಆಸಕ್ತಿ ಇರುವವರಂತೂ.

ಸೇರುವ ಮೊದಲು ಆ ಲ್ಯಾಬಿನ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಮೈಕ್ರೋಸ್ಕೋಪ್ ಲ್ಯಾಬಿನ ಸ್ವಂತದ್ದೋ, ಬುಕ್ ಮಾಡಿ ಕಾಯಬೇಕೋ, ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಅಂತ ನೇರವಾಗಿ ಕೇಳಿ. ಗೈಡ್ ಹತ್ತಿರ ಕೇಳಿದರೆ 'ಎಲ್ಲ ಆಗುತ್ತದೆ' ಅಂತಲೇ ಹೇಳುತ್ತಾರೆ.